ಕುಂಟುವ ಮೆಟ್ರೊನೋಮ್

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಅವರ ಚೀಲದೊಳಗಿಂದ ಟಿಕ್, ಟಿಕ್ ಎಂದು ಸದ್ದು ಬಂತು.

ವಿಶ್ವವಿದ್ಯಾಲಯದ ತಾಳವಾದ್ಯ ವಿಭಾಗದಲ್ಲಿ ಅವರು ಓದುತ್ತಿದ್ದ ಮೊದಲ ವರ್ಷಕ್ಕೆ ಬೇಕಾದ ಸಾಮಾನೆಲ್ಲ ಅದರಲ್ಲಿತ್ತು: ಎರಡು ಜೊತೆ ಕೋಲು, ಅಭ್ಯಾಸದ ರಬ್ಬರ್ ಪ್ಯಾಡು, ಮೇಷ್ಟ್ರು ಎರವಲು ಕೊಟ್ಟ ಮೆಟ್ರೊನೋಮ್. ಲಯ ತೋರಿಸಬೇಕಾದ ಆ ಯಂತ್ರ ಕುಂಟುತ್ತಿತ್ತು. ಒಂದು ಬಡಿತ ಉದ್ದ, ಒಂದು ಗಿಡ್ಡ. ಗಂಡ ಹಾಗೆಂದಾಗ ಮೇಷ್ಟ್ರು, "ಅದು ನೆಟ್ಟಗೇ ಇದೆ ಕಣಯ್ಯಾ, ನಿನ್ ಕೈಗೇ ಲಕ್ವ ಹೊಡೆದಿದೆ" ಎಂದು ಇಡೀ ತರಗತಿಯನ್ನು ನಗಿಸಿದ್ದರು. ಲಯ ಕೂಡುವವರೆಗೆ ಬಿಡುವುದಿಲ್ಲವೆಂದು, ಜ್ವರದಲ್ಲಿದ್ದ ಗಂಡನನ್ನು ಅಭ್ಯಾಸದ ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿದಿದ್ದರು. ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ಮೆಟ್ರೊನೋಮಿಗೆ ಕೀ ಕೊಟ್ಟವರಿಲ್ಲ. ಅದನ್ನು ತಿರುಗಿಸುವ ಕೀಲಿ, ಆಸ್ಪತ್ರೆಯವರು ಗಂಡನ ಜೇಬಿನಿಂದ ತೆಗೆದುಕೊಟ್ಟಾಗಿನಿಂದ, ನನ್ನ ಪರ್ಸಿನಲ್ಲೇ ಇತ್ತು. ಮುಟ್ಟಿದರೆ ಯಂತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಪ್ಯಾಡು ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಬಾರಿಸಿ ಎದ್ದಂತೆ.

ಒಲೆ ಆರಿಸಿ, ಟಿಕ್ ಎನ್ನುತ್ತಲೇ ಇದ್ದ ಮೆಟ್ರೊನೋಮನ್ನು ಹಿಂದಿರುಗಿಸಲು ವಿಭಾಗಕ್ಕೆ ಹೋದೆ. ಮೇಷ್ಟ್ರು ತರಗತಿಯಲ್ಲಿ ಬಾರಿಸಿ ತೋರಿಸುತ್ತಿದ್ದರು.

"ಇಷ್ಟಕ್ಕೆ ನೀವೇ ಬರ್ಬೇಕಿತ್ತೇನಮ್ಮಾ? ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು" ಎಂದರು, ಬಾರಿಸುತ್ತಲೇ.

"ನಿಮ್ಮ ಕೈಗೇ ಸೇರ್ಬೇಕು ಅನ್ನಿಸ್ತು, ಸರ್."

ಅದನ್ನು ಮೇಜಿನ ಮೇಲಿಟ್ಟೆ. ಮೇಷ್ಟ್ರ ಕೋಲುಗಳು ಕುಂಟತೊಡಗಿದವು. ಒಂದು ಬಡಿತ ಉದ್ದ, ಒಂದು ಗಿಡ್ಡ. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು.

"ಯಾರಾದ್ರೂ ನಿಲ್ಲಿಸ್ರೋ ಅದನ್ನ!" ಎಂದು ಮೇಷ್ಟ್ರು ಕೂಗಿದರು.

ಹುಡುಗಿಯೊಬ್ಬಳು ಓಡಿಬಂದು ಮೆಟ್ರೊನೋಮಿನ ಅತ್ತಿತ್ತ ತೂಗುವ ಕಡ್ಡಿಯನ್ನು ಬಿಗಿಯಾಗಿ ಹಿಡಿದಳು. ಟಿಕ್ ಸದ್ದು ನಿಂತಿತು. ಮೇಷ್ಟ್ರ ಕೈ ನಿಲ್ಲಲಿಲ್ಲ.

"ಲಯ ಕೂಡೋವರೆಗೂ ಬಾರಿಸ್ತಿರಿ, ಸರ್" ಎಂದೆ. ಪರ್ಸಿನಿಂದ ಮೆಟ್ರೊನೋಮಿನ ಕೀಲಿಯನ್ನೂ ತೆಗೆದು ಅವರ ಮುಂದಿಟ್ಟು, ಬಾಗಿಲೆಳೆದುಕೊಂಡು ಬಂದೆ.