ಇಪ್ಪತ್ತಕ್ಕೆ ಹದಿನೆಂಟು

ಬಾಯಿಮಾತಿನ ಅಪ್ಪಣೆಗೆ ಸಾಕ್ಷಿ ಇರುವುದಿಲ್ಲ ಎಂಬುದು ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಹೊಸಬರಿಗೆ ತರಬೇತಿ ಕೊಟ್ಟ ಮೇಷ್ಟ್ರಿಗೆ ಗೊತ್ತಿರಬೇಕಿತ್ತು. “ಕುಲುಮೆ ಹತ್ರ ಆಳು ಸಾಲ್ತಿಲ್ಲ, ಹೊಸಬನನ್ನ ಇವತ್ತೇ ಕಳಿಸಿಬಿಡಿ, ಪಾಠ ಆಮೇಲೆ ಮಾಡಿದ್ರಾಯ್ತು” ಎಂದಿದ್ದ ಮ್ಯಾನೇಜರು ಈಗ ಹಾಗೆ ಅಂದೇ ಇಲ್ಲ ಎಂದು ಕೈತೊಳೆದುಕೊಂಡಿದ್ದರು. ಆ ‘ಆಮೇಲೆ’ ಬರಲೇ ಇಲ್ಲ. ಏಳು ತಿಂಗಳು ಗುಜರಿ ಹೊತ್ತ ಆ ಹೊಸಬನನ್ನು ಒಂದು ಬೆಳಿಗ್ಗೆ ಕರಗಿದ ಉಕ್ಕಿನ ಮಾದರಿ ತೆಗೆಯಲು ನಿಲ್ಲಿಸಿದರು. ಅವನು ಒದ್ದೆ ಸೌಟನ್ನೇ ಅದ್ದಿದ. ನೀರು ಆವಿಯಾಗಿ ಸಿಡಿದು ಉಕ್ಕು ಅವನ ಮೈಮೇಲೆ ಬಿತ್ತು. ಸೌಟನ್ನು ಕಾಯಿಸಿ ಒಣಗಿಸಬೇಕು ಎಂಬುದು ತರಬೇತಿಯ ಮೊದಲ ದಿನದ ಪಾಠ.

ಸೋಮವಾರ ವಿಚಾರಣೆ. ತರಬೇತಿಯ ದಾಖಲೆ ಇಲ್ಲದಿದ್ದರೆ ಮೇಷ್ಟ್ರ ಕೆಲಸ ಹೋಗುತ್ತದೆ, ಜೊತೆಗೆ ಕಾರ್ಖಾನೆ ಆಸ್ಪತ್ರೆಯ ಕಾರ್ಡೂ. ಆ ಕಾರ್ಡಿನ ಮೇಲೆ ಅವರ ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ದಾಖಲೆ ಇದ್ದರೆ ತಪ್ಪು ಸತ್ತವನ ತಲೆಗೆ ಬರುತ್ತದೆ, ಅವನ ಹೆಂಡತಿಗೆ ಕೊಡುತ್ತೇವೆಂದಿದ್ದ ಕ್ಯಾಂಟೀನ್ ಕೆಲಸ ಕೈತಪ್ಪುತ್ತದೆ. ಆಕೆ ಗಟ್ಟಿಮುಟ್ಟಾಗಿದ್ದಾಳೆ, ಎಲ್ಲಾದರೂ ದುಡಿದು ತಿಂದಾಳು ಎಂದು ಮೇಷ್ಟ್ರು ಮನಸ್ಸು ಕಲ್ಲು ಮಾಡಿಕೊಂಡರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತರಬೇತಿ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಹಾಜರಿ ಪುಸ್ತಕದಲ್ಲಿ ಏಳು ತಿಂಗಳ ಹಿಂದಿನ ಪುಟದ ಕೊನೆಗೆ ಒಂದು ಸಾಲು ಖಾಲಿ ಇತ್ತು, ಹೇಳಿ ಮಾಡಿಸಿದಂತೆ. ಸತ್ತವನು ಹೋದ ತಿಂಗಳು ಹೊಸ ಬೂಟು ತೆಗೆದುಕೊಂಡಾಗ ಹಾಕಿದ ಸಹಿ ಸ್ಟೋರಿನಲ್ಲಿ ಸಿಕ್ಕಿತ್ತು. ಕೈ ಪಳಗುವವರೆಗೆ ಅದನ್ನು ರದ್ದಿ ಕಾಗದದ ಮೇಲೆ ತಿದ್ದಿ, ಆಮೇಲೆ ಪುಸ್ತಕಕ್ಕೆ ಇಳಿಸಿದರು.

ಮುಂದಿನದು ತರಬೇತಿಯ ಕೊನೆಗೆ ಬರೆಸುವ ಪರೀಕ್ಷೆ. ಅವನ ಕೈಬರಹ ಹೇಗಿತ್ತು ಎಂದು ಸ್ಟೋರು, ಗೇಟು, ಲಾಕರ್ ಕೋಣೆ ಎಲ್ಲ ಜಾಲಾಡಿದ್ದರೂ ಆ ಸಹಿಯ ಹೊರತು ಒಂದಕ್ಷರ ಸಿಕ್ಕಿರಲಿಲ್ಲ. ಹಳೆಯ ಕಾಗದಗಳೆಲ್ಲ ಅವನನ್ನು ಕೆಲಸಕ್ಕೆ ತಂದ ಗುತ್ತಿಗೆದಾರನ ಬಳಿ ಇದ್ದವು, ಆತ ಅವನ್ನು ಹೊರಗೆ ಬಿಡುವವನಲ್ಲ. ಒಳ್ಳೆಯದೇ ಆಯಿತು, ಹೋಲಿಸಿ ನೋಡುವವರಿಗೂ ಏನೂ ಸಿಗುವುದಿಲ್ಲ ಎಂದುಕೊಂಡು ಎಡಗೈಯಲ್ಲಿ ಬರೆದರು. ಇಪ್ಪತ್ತಕ್ಕೆ ಇಪ್ಪತ್ತು ಬಂದರೆ ಯಾರು ನಂಬುತ್ತಾರೆ? ಎರಡು ಉತ್ತರ ಬೇಕೆಂದೇ ತಪ್ಪಾಗಿಸಿದರು. ಒಂದು ಪದ ಹೊಡೆದುಹಾಕಿ ಮತ್ತೆ ಬರೆದರು. ಒದ್ದೆ ಸೌಟಿನ ಪ್ರಶ್ನೆಗೆ ಮಾತ್ರ ಸರಿಯುತ್ತರ. ಕೆಂಪು ಪೆನ್ನಿನಲ್ಲಿ ಅಂಕ ಕೊಟ್ಟು, ಮೂಲೆ ಮುದುಡಿ, ಮೇಲೆ ಎರಡು ಹನಿ ಟೀ ಬೀಳಿಸಿದಾಗ ಅವರಿಗೇ ಅದು ನಿಜವಾದ ಪರೀಕ್ಷೆ ಅನಿಸಿಬಿಟ್ಟಿತು.

ಸೋಮವಾರ ವಿಚಾರಣಾಧಿಕಾರಿ ಹಾಜರಿ ಪುಸ್ತಕವನ್ನು ಸತ್ತವನ ಹೆಂಡತಿಯ ಮುಂದೆ ತಿರುಗಿಸಿದರು. “ಅಮ್ಮಾ, ಇದು ನಿಮ್ಮ ಯಜಮಾನ್ರ ಸಹಿನಾ?”

ಆಕೆ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು. “ಅವ್ರದೇ ಸರ್.”

ಮೇಷ್ಟ್ರು ಹಿಡಿದಿದ್ದ ಉಸಿರು ಬಿಟ್ಟರು. ಕಾರ್ಡು ಉಳಿಯಿತು, ಹೆಂಡತಿಯ ಜೀವ ಉಳಿಯಿತು.

“ಇದು ಅವ್ರು ಬರೆದ ಪರೀಕ್ಷೆ,” ಎಂದು ಅಧಿಕಾರಿ ಉತ್ತರಪತ್ರಿಕೆ ಮುಂದೆ ಇಟ್ಟರು. “ಒದ್ದೆ ಸೌಟು ಅದ್ದಬಾರ್ದು ಅಂತ ಅವ್ರಿಗೆ ಗೊತ್ತಿತ್ತು, ನೋಡಿ.”

ಆಕೆ ಹಾಳೆಯ ಮೇಲಿಂದ ಕೆಳಗಿನವರೆಗೂ ತುಂಬಿದ್ದ ಅಕ್ಷರಗಳನ್ನು ನೋಡಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅವ್ರಿಗೆ ಓದು ಬರಹ ಬರ್ತಿರ್ಲಿಲ್ಲ ಮೇಷ್ಟ್ರೇ. ಹೆಬ್ಬೆಟ್ಟು ಒತ್ತೋಕೆ ನಾಚಿಕೆ ಆಗುತ್ತೆ ಅಂತ ಮಗಳ ಹತ್ರ ಕೂತು ತಮ್ಮ ಹೆಸ್ರೊಂದು ಬರೆಯೋದು ಕಲ್ತಿದ್ರು. ಹೋದ ತಿಂಗಳು ಬೂಟಿಗೆ ಹಾಕಿದ್ದೇ ಮೊದಲ್ನೇ ಸಹಿ, ಮನೆಗೆ ಬಂದು ಎಷ್ಟು ಸಲ ಹೇಳ್ಕೊಂಡ್ರೋ. ನಿಮ್ಮ ಪಾಠಕ್ಕೆ ಒಂದೇ ಒಂದು ದಿನ ಕೂತಿದ್ರೂ ಇದು ನಿಮಗೆ ಗೊತ್ತಾಗಿರ್ತಿತ್ತಲ್ಲ.”