ನಾಳೆ ಬಾ ಎನ್ನುವ ಪೆಟ್ಟಿಗೆ

ಬೆಳಗಿನ ಹನ್ನೊಂದಕ್ಕೆ ಸರಿಯಾಗಿ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಳದಿ ದೀಪ ಹತ್ತಿತು. "ಅಕ್ಕಾ, ನಿನ್ ಫೋನಿಗೆ ಆರು ನಂಬರಿನ ಓಟಿಪಿ ಬಂದಿದೆಯಲ್ಲ, ಬೇಗ ಹೇಳಕ್ಕಾ," ಎಂದಿತು ಹೆಣ್ಣುದನಿಯೊಂದು. ಪೆಟ್ಟಿಗೆ ಸಿದ್ದಗಂಗಮ್ಮನವರದೇ ದನಿಯಲ್ಲಿ "ನಾಳೆ ಬಾ" ಎಂದು ಕರೆ ಮುಗಿಸಿತು. ಸಿದ್ದಗಂಗಮ್ಮ ಮಾತ್ರ ತುಟಿ ಬಿಚ್ಚದೆ ಎದುರಿಗೇ ಕೂತಿದ್ದರು.

"ಕೇಳಿದ್ರಾ ಡಾಕ್ಟ್ರೇ? ನನ್ ತಂಗಿ ಗೌರನ ದನಿ. ಅವಳು ತೀರ್ಕೊಂಡು ಇವತ್ತಿಗೆ ಇಪ್ಪತ್ತಾರು ದಿನ. ಸ್ಪೀಕರ್ ಹಾಕ್ಕೊಂಡು ಕೂತ್ರೆ ದಿನಾ ಇದೇ ಹೊತ್ತಿಗೆ ಬರ್ತಾಳೆ."

ಡಾ. ಪ್ರಭುಲಿಂಗ ಪೆಟ್ಟಿಗೆಯತ್ತ ನೋಡಿದರು. ಸತ್ತ ಸುದ್ದಿಯನ್ನು ಮೋಸದ ಯಂತ್ರಗಳಿಗೆ ಯಾರು ತಿಳಿಸಬೇಕು? ಅವು ಕರೆಯುತ್ತಲೇ ಇರುತ್ತವೆ.

ಆ ಪೆಟ್ಟಿಗೆಯನ್ನು ಕಂಡುಹಿಡಿದವರು ಪ್ರಭುಲಿಂಗರೇ. 2060ರ ಹೊತ್ತಿಗೆ, ನಾಲ್ಕು ಮಾತು ಕೇಳಿ ಯಾರ ದನಿಯನ್ನಾದರೂ ಹಾಗೇ ತಯಾರಿಸುವುದು ಮೋಸಗಾರರಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಅಸಲಿ ಯಾವುದು, ನಕಲಿ ಯಾವುದು ಎಂದು ಯಾವ ಯಂತ್ರವೂ ಹೇಳಲಾರದು. ಆದರೆ ಮೋಸದ ಕರೆಗಳಿಗೆಲ್ಲ ಒಂದೇ ಗುಣ: ಅವಸರ. ಯೋಚಿಸಲು ಬಿಟ್ಟರೆ ಅವುಗಳ ಆಟ ಕೆಟ್ಟಿತು! ಹಿಂದೆ, ಮನೆಯವರ ದನಿಯಲ್ಲಿ ಕೂಗುವ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಂತೆ. ಪ್ರಭುಲಿಂಗ ಅದನ್ನೇ ಯಂತ್ರಕ್ಕೆ ಕಲಿಸಿದರು. ಪ್ರತಿ ಕರೆಯನ್ನೂ ಪೆಟ್ಟಿಗೆ ಮೊದಲು ತಾನು ಕೇಳಿಸಿಕೊಳ್ಳುತ್ತದೆ. ಅವಸರದ ಮಾತಾದರೆ ಫೋನು ಸದ್ದು ಮಾಡಲು ಬಿಡದೆ, ಮನೆಯವರ ದನಿಯಲ್ಲೇ ಉತ್ತರಿಸಿ ಸಾಗಹಾಕುತ್ತದೆ. ವರ್ಷದೊಳಗೆ ಮೋಸ ಅರ್ಧಕ್ಕರ್ಧ ಇಳಿಯಿತು. ಶಾಲು, ಹಾರ, ಸನ್ಮಾನ ಎಲ್ಲ ಆಯಿತು.

"ಇದ್ರಲ್ಲಿ ಗೌರ ಬಿದ್ದ ದಿನದ ರೆಕಾರ್ಡಿಂಗ್ ಇದೆಯಲ್ಲ, ಹಾಕಿ," ಎಂದರು ಸಿದ್ದಗಂಗಮ್ಮ. "ಒಬ್ಳೇ ಕೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಅಂದು ಮೂರು ಕರೆ ಬಂದಿದ್ದವು. ಮೂರರಲ್ಲೂ ಗೌರಳದೇ ದನಿ. ಮೊದಲನೆಯದು ಆಕ್ಸಿಡೆಂಟ್ ಆಗಿದೆ ಎಂದು ಅತ್ತಿತು. 'ನಾಳೆ ಬಾ' ಎಂದಾಗ "ಅಯ್ಯೋ, ಈಗ್ಲೇ ಬೇಕಕ್ಕಾ" ಎಂದು ಪೀಡಿಸಿತು. ಎರಡನೆಯದು ಪೊಲೀಸರು ಹಿಡಿದಿದ್ದಾರೆ ಎಂದಿತು, ಅದೂ ಪೀಡಿಸಿತು.

ಮೂರನೆಯದು: "ಅಕ್ಕಾ, ಬಚ್ಚಲಲ್ಲಿ ಜಾರಿ ಬಿದ್ಬಿಟ್ಟೆ ಕಣಕ್ಕ. ಏಳೋಕಾಗ್ತಿಲ್ಲ. ಬೇಗ ಬರ್ತೀಯಾ?"

"ನಾಳೆ ಬಾ."

ನಲ್ಲಿಯ ನೀರು ತೊಟ್ಟಿಕ್ಕುವ ಸದ್ದು. "ನಾಳೆನಾ?... ಆಯ್ತು ಬಿಡಕ್ಕ. ನಿಂಗೇನೋ ಕೆಲ್ಸ ಇರ್ಬೇಕು. ಇಡ್ತೀನಿ."

ಗುಬ್ಬಿ ಊರಿನ ಮನೆಯಲ್ಲಿ ಒಬ್ಬಳೇ ಇದ್ದ ಗೌರ ಆಮೇಲೆ ಎಚ್ಚರ ತಪ್ಪಿದ್ದಳು. ಮರುದಿನ ಹಾಲಿನವಳು ಬಾಗಿಲು ಬಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಿದ್ದಗಂಗಮ್ಮ ಸೆರಗು ಬಾಯಿಗಿಟ್ಟು ಬಿಕ್ಕಿದರು. "ಇವಳೇ ನನ್ ಗೌರ! ಯಾರಿಗೂ ಕಾಟ ಕೊಡೋಳಲ್ಲ. ನನ್ ದನೀಲೇ ಅವಳನ್ನ ಸಾಗಹಾಕ್ಬಿಟ್ರಲ್ಲ ಡಾಕ್ಟ್ರೇ! ಅವಳ ನಂಬರಿಗೆ ತಿರುಗಿ ಒಂದು ಫೋನ್ ಮಾಡೋದನ್ನ ಇದಕ್ಕೆ ಕಲಿಸ್ಬಾರದಿತ್ತಾ?"

"ಯೋಚಿಸಿದ್ದೆ ತಾಯಿ," ಎಂದರು ಪ್ರಭುಲಿಂಗ, ತಲೆ ಎತ್ತದೆ. "ಅರ್ಧ ನಿಮಿಷ ತಡ ಆಗುತ್ತೆ, ಜನ ಬೇಜಾರು ಮಾಡ್ಕೋತಾರೆ ಅಂತ ಕೈಬಿಟ್ಟೆ."

ಅವರು ಪೆಟ್ಟಿಗೆಯನ್ನು ಬಿಚ್ಚಿ ತೆಗೆದುಕೊಂಡು ಹೋದರು. ಮರುದಿನ ಅದನ್ನು ಗೋಡೆಗೆ ಸಿಕ್ಕಿಸಿ ತಾವೂ ಕೂತರು. ಹನ್ನೊಂದಕ್ಕೆ ದೀಪ ಹತ್ತಿತು.

"ಅಕ್ಕಾ, ಬೇಗ..."

ಪೆಟ್ಟಿಗೆ ಮಾತಾಡಲಿಲ್ಲ. ಕರೆ ಕತ್ತರಿಸಿ, ಸಿದ್ದಗಂಗಮ್ಮ ಎಷ್ಟೋ ವರ್ಷದಿಂದ ಬಲ್ಲ ಗೌರಳ ನಂಬರಿಗೆ ತಾನೇ ಫೋನು ಮಾಡಿತು.

ಒಳಕೋಣೆಯ ಬೀರುವಿನಲ್ಲಿ ಫೋನೊಂದು ಹೊಡೆದುಕೊಳ್ಳತೊಡಗಿತು. ಗೌರಳ ಫೋನು. ಅವಳ ಸೀರೆಗಳ ನಡುವೆ ಇಟ್ಟು ಸಿದ್ದಗಂಗಮ್ಮ ದಿನಾ ಚಾರ್ಜ್ ಮಾಡುತ್ತಿದ್ದರು. ಇಬ್ಬರೂ ಕಿವಿಗೊಟ್ಟರು. ಹೊಡೆದುಕೊಂಡು ಹೊಡೆದುಕೊಂಡು ಅದು ಸುಮ್ಮನಾಯಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ ಬಂತು: ಕರೆದದ್ದು ಅವಳಲ್ಲ.

"ಇಷ್ಟೇ ಸಾಕಿತ್ತು," ಎಂದರು ಸಿದ್ದಗಂಗಮ್ಮ. "ಅವತ್ತಾಗಿದ್ರೆ ಗೌರ ಫೋನ್ ಎತ್ತಿರ್ತಿದ್ಲು."