ಮಂಜಿನ ಮೇಲೆ ರನ್ನ್ವಾ

ಕೋಪನ್‌ಹೇಗನ್‌ನಿಂದ ನಮ್ಮ ಫೆರೋ ದ್ವೀಪಗಳಿಗೆ ಸಾವಿರದ ಮುನ್ನೂರು ಕಿಲೋಮೀಟರ್, ವಿಮಾನದಲ್ಲಿ ಬರೀ ಎರಡು ಗಂಟೆ. ಹಾಗಂತ ಟಿಕೆಟ್ ಮಾರುವವರು ಹೇಳುತ್ತಾರೆ. ಅವರಿಗೇನು, ಮಂಜಿನಲ್ಲಿ ಯಾರಿಗಾದರೂ ಕಾದವರೇ?

ಸಿಮುನ್ ಕಾದಿದ್ದ. ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ರನ್‌ವೇ ಎಷ್ಟು ಕಾಣುತ್ತಿದೆ ಎಂದು ಪೈಲಟ್‌ಗಳಿಗೆ ಹೇಳುವುದೇ ಅವನ ಕೆಲಸ. ಅಂದು ಬರಲಿದ್ದ ವಿಮಾನದಲ್ಲಿ ರನ್ನ್ವಾ ಇದ್ದಳು.

ಈಸ್ಟರ್‌ಗೆ ಅವಳು ಊರಿಗೆ ಬಂದಿದ್ದಾಗ ಕೇಳಿದ್ದ, "ಇಲ್ಲೇ ನನ್ನ ಜೊತೆ ಇದ್ದುಬಿಡ್ತೀಯಾ?"

ಕೋಪನ್‌ಹೇಗನ್‌ನಲ್ಲಿ ಕೆಲಸ, ಮನೆ ಎಲ್ಲ ಇದ್ದವಳು. ಓರೆಗಣ್ಣಿನಲ್ಲಿ ನೋಡಿ ನಕ್ಕಿದ್ದಳು. "ಯೋಚಿಸಿ, ಮತ್ತೆ ಬಂದು ಎದುರಿಗೇ ಹೇಳ್ತೀನಿ. ಫೋನ್ ಮಾಡಿ ಪ್ರಾಣ ತಿನ್ನಬೇಡ."

ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಮಧ್ಯಾಹ್ನ ಸಮುದ್ರದಿಂದ ಮಂಜು ಎದ್ದು ಬಂತು. ಮೊದಲು ನಿಲ್ದಾಣದ ಪಕ್ಕದ ಸರೋವರ ಮರೆಯಾಯಿತು, ಆಮೇಲೆ ಗುಡ್ಡದ ಕುರಿಗಳು, ಕೊನೆಗೆ ರನ್‌ವೇಯ ದೀಪಗಳೂ. ರೇಡಿಯೋದಲ್ಲಿ ಆ ವಿಮಾನದ ಕ್ಯಾಪ್ಟನ್ ಹಾನುಸ್‌ನ ದನಿ ಕೇಳಿಸಿತು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅವನಿಗೂ ಗೊತ್ತಿತ್ತು.

"ಏನಪ್ಪ ಸಿಮುನ್, ಏನಾದ್ರೂ ಕಾಣ್ತಿದ್ಯಾ? ನಿನ್ನ ಹುಡುಗಿ ಕಿಟಕಿ ಬಿಟ್ಟು ಅಲ್ಲಾಡ್ತಿಲ್ವಂತೆ."

ತಲೆಯ ಮೇಲೇ ಎಂಜಿನ್ನಿನ ಸದ್ದು. ಅಷ್ಟು ಹತ್ತಿರದಲ್ಲಿದ್ದಳು ಅವಳು! 'ತಿಳಿಯಾಗ್ತಿದೆ, ಪ್ರಯತ್ನ ಮಾಡಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ಏನೂ ಕಾಣ್ತಿಲ್ಲ. ಇಳೀಬೇಡಿ."

"ಪಾಪ ಕಣೋ ನೀನು," ಎಂದ ಹಾನುಸ್.

ವಿಮಾನ ಕೋಪನ್‌ಹೇಗನ್‌ಗೇ ತಿರುಗಿತು. ಸದ್ದು ಪೂರ್ತಿ ಕರಗಿದ ಮೇಲೂ ಸಿಮುನ್ ಕಿವಿಗೊಟ್ಟು ಕೂತೇ ಇದ್ದ.

ಸಂಜೆ ಅವಳೇ ಫೋನ್ ಮಾಡಿದಳು.

"ನನ್ನನ್ನ ವಾಪಸ್ ಕಳಿಸಿದ್ದು ನೀನೇ ಅಂತೆ?"

"ಹೂಂ."

"ಒಂದು ಸಣ್ಣ ಸುಳ್ಳು ಹೇಳೋಕಾಗ್ಲಿಲ್ವಾ?"

"ಒಳಗೆ ನೀನಿದ್ಯಲ್ಲ, ಹೇಗೆ ಹೇಳಲಿ?" ಕಿಟಕಿಯಾಚೆಯ ಮಂಜನ್ನು ನೋಡಿದ. "ನಾಳೆ ಬರ್ತೀಯಾ?"

"ಇನ್ನು ಆ ವಿಮಾನ ಹತ್ತಲ್ಲ, ಸಿಮುನ್."

ಅದೇ ಉತ್ತರ ಎಂದುಕೊಂಡ. ಮರುದಿನ ಮಂಜು ಕರಗಿ ಆಕಾಶ ನೀಲಿಯಾದಾಗ ಅವನಿಗೆ ಸಿಟ್ಟೇ ಬಂತು. ಕೋಪನ್‌ಹೇಗನ್ ಕಡೆಯಿಂದ ಬಂದ ಒಂದೊಂದು ವಿಮಾನವನ್ನೂ ಇಳಿಸಿಕೊಂಡ, ಒಂದರಲ್ಲೂ ಅವಳಿರಲಿಲ್ಲ.

ಒಂದು ವಾರದ ನಂತರ ಮತ್ತೆ ಅವಳ ಫೋನ್. "ಹಡಗುಕಟ್ಟೆಗೆ ಬಾ. ವ್ಯಾನ್ ತಗೊಂಡು ಬಾ."

ಡೆನ್ಮಾರ್ಕಿನ ಹಡಗು ಆಗಷ್ಟೇ ನಮ್ಮ ರಾಜಧಾನಿ ತೋರ್ಸ್‌ಹಾವ್ನ್‌ನ ಕಟ್ಟೆಗೆ ತಾಗಿತ್ತು. ಅಂದೂ ಹತ್ತು ಹೆಜ್ಜೆ ಆಚೆಗೆ ಏನೂ ಕಾಣದಷ್ಟು ಮಂಜು. ಅದರೊಳಗಿಂದ ರನ್ನ್ವಾ ಸೈಕಲ್ ತಳ್ಳಿಕೊಂಡು ಬಂದಳು. ಅದರ ಬುಟ್ಟಿಯಲ್ಲಿ, ಅವಳದೇ ಶಾಲು ಹೊದ್ದ ನಿಂಬೆಗಿಡ. ಹಿಂದೆ ಇಬ್ಬರು ನಾವಿಕರು ಬೈದುಕೊಳ್ಳುತ್ತಾ ಅವಳ ಆರಾಮಕುರ್ಚಿ ಹೊತ್ತಿದ್ದರು.

"ಎರಡು ಗಂಟೆ ದಾರಿಗೆ ಹಡಗಲ್ಲಿ ಎರಡು ದಿನ ಹಿಡಿಸಿದ್ಯಲ್ಲೇ!" ನಗಲು ಹೋದವನಿಗೆ ಅಳು ಬಂತು.

"ಹಡಗು ನಿನ್ನ ಅಪ್ಪಣೆ ಕೇಳಲ್ಲ, ಅದಕ್ಕೇ." ಅವಳ ಕಣ್ಣೂ ತುಂಬಿತ್ತು. "ನಿಜ ಹೇಳ್ಲಾ? ಅವತ್ತು 'ಆಗಲ್ಲ' ಅನ್ನೋಕೇ ಬಂದಿದ್ದೆ. ಕೆಳಗೆ ನೀನಿದ್ದೆ, ವಿಮಾನ ತಿರುಗಿಬಿಡ್ತು. ದಾರಿಯುದ್ದಕ್ಕೂ ಅತ್ಕೊಂಡು ಹೋದೆ ಕಣೋ."

ಅವನಿಗೆ ಇನ್ನೂ ನಂಬಲು ಧೈರ್ಯ ಸಾಲಲಿಲ್ಲ. "ವಾಪಸ್ ಹಡಗು ಯಾವತ್ತು?"

"ವಿಚಾರಿಸಿಲ್ಲ," ಎಂದು ನಿಂಬೆಗಿಡ ತೆಗೆದು ಅವನ ಕೈಗಿಟ್ಟಳು.